ವರದಿ ಬರುವ ಹೊತ್ತಿಗೆ ಬದನೆಕಾಯಿ ಎಲ್ಲಿರುತ್ತದೆ?

ನಮ್ಮ ಹಳ್ಳಿಗಳಲ್ಲಿ ಕೀಟನಾಶಕವನ್ನು ‘ಔಷಧಿ’ ಎನ್ನುತ್ತಾರೆ. ಬದನೆಗೆ ಕಾಯಿಕೊರಕ ಬಿತ್ತೆಂದರೆ ಔಷಧಿ ಹೊಡೆಯಬೇಕು. ಹೊಡೆದ ಮೇಲೆ ಇಷ್ಟು ದಿನ ಕಾಯಿ ಕೀಳಬಾರದೆಂದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಬದನೆಯಾದರೋ ಮೂರು-ನಾಲ್ಕು ದಿನಕ್ಕೊಮ್ಮೆ ಕೀಳದಿದ್ದರೆ ಬಲಿತುಹೋಗುತ್ತದೆ. ಬಲಿತ ಕಾಯಿಗೆ ಮಂಡಿಯಲ್ಲಿ ಬೆಲೆಯಿಲ್ಲ. ರೈತ ಏನು ಮಾಡಬೇಕು?

ಊಟಕ್ಕೆ ಸೇರುವ ಕೀಟನಾಶಕದ ವಿಷಯ ಸರ್ಕಾರದ ಕಣ್ಣಿಗೆ ಬಿದ್ದದ್ದು ದುರಂತವೊಂದರಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದ ನಂತರ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. ಅದು ತಯಾರಿಕೆ ಮತ್ತು ಮಾರಾಟದ ಮೇಲೆ ಕಣ್ಣಿಟ್ಟಿತು. ತಟ್ಟೆಗೆ ಬಂದ ಶೇಷಾಂಶ, ಅಂದರೆ ಆಹಾರದಲ್ಲಿ ಉಳಿದ ಔಷಧಿ, ಮಾತ್ರ ಆಹಾರ ಕಲಬೆರಕೆ ಕಾಯ್ದೆಯ ಪಾಲಿಗೇ ಉಳಿಯಿತು. ತೋಟ ಒಂದು ಇಲಾಖೆಗೆ, ತಟ್ಟೆ ಇನ್ನೊಂದಕ್ಕೆ. ಆ ಒಡಕು ಇಂದಿಗೂ ಕೂಡಿಲ್ಲ.

ಪರೀಕ್ಷೆಗೆ ನಿಜವಾದ ಬಿಸಿ ಮುಟ್ಟಿಸಿದ್ದು ದ್ರಾಕ್ಷಿ. 2003ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಮಿತಿ ಮೀರಿದ ಶೇಷಾಂಶ ಸಿಕ್ಕಿತು. ರಫ್ತು ನಿಂತೇಹೋಗುವ ಭಯಕ್ಕೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾ ಎಚ್ಚೆತ್ತಿತು: ತೋಟಗಳ ನೋಂದಣಿ, ಕೊಯ್ಲಿಗೆ ಮೊದಲೇ ಮಾದರಿ ಪರೀಕ್ಷೆ, ಪುಣೆಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಉಸ್ತುವಾರಿ. 2006ರ ‘ಗ್ರೇಪ್‌ನೆಟ್’ ಎಂಬ ಗಣಕ ದಾಖಲೆ ವ್ಯವಸ್ಥೆ ಬಂದಮೇಲೆ ಪೆಟ್ಟಿಗೆ ನೋಡಿ ತೋಟ ಹುಡುಕುವಂತಾಯಿತು.

ಪರೀಕ್ಷೆಯ ವಿಧಾನವೂ ಹಗುರಾದದ್ದು ಅದೇ 2003ರಲ್ಲಿ, ‘ಕ್ವೆಚರ್ಸ್’ ಎಂಬ ಕ್ರಮ ಪ್ರಕಟವಾದಾಗ. ತರಕಾರಿಯನ್ನು ನುಣ್ಣಗೆ ಅರೆದು, ಹತ್ತು-ಹದಿನೈದು ಗ್ರಾಂ ಮಾತ್ರ ಕೊಳವೆಗೆ ಹಾಕಿ, ಅಸಿಟೊನೈಟ್ರೈಲ್ ಎಂಬ ದ್ರಾವಕ ಸುರಿದು ಜೋರಾಗಿ ಕುಲುಕುತ್ತಾರೆ. ಮೆಗ್ನೀಸಿಯಂ ಸಲ್ಫೇಟ್ ಬಿದ್ದೊಡನೆ ಅದು ನೀರು ಹೀರಿ, ಕೊಳವೆ ಕೈಗೆ ಬೆಚ್ಚಗಾಗುತ್ತದೆ. ಗಿರ್ರನೆ ತಿರುಗಿಸಿದರೆ ವಿಷವೆಲ್ಲ ಮೇಲಿನ ತಿಳಿಯಲ್ಲಿ. ಆ ತಿಳಿಯ ಒಂದು ಹನಿಯಲ್ಲೇ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ನೂರಾರು ರಾಸಾಯನಿಕಗಳನ್ನು ಹುಡುಕಬಲ್ಲದು. ಬೇರೆ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ಒಂದು ಟನ್ ತರಕಾರಿಯಲ್ಲಿ 10 ಮಿಲಿಗ್ರಾಂ, ದಾಟಬಾರದು.

ಯಂತ್ರಕ್ಕೆ ಕೊರತೆಯಿಲ್ಲ, ಹೆಸರಘಟ್ಟದಲ್ಲೂ ಇಂಥ ಪ್ರಯೋಗಾಲಯವಿದೆ. 2005-06ರಿಂದ ಕೇಂದ್ರದ ಯೋಜನೆಯೊಂದು ಮಾರುಕಟ್ಟೆಯ ತರಕಾರಿಯನ್ನೂ ಪರೀಕ್ಷಿಸುತ್ತಿದೆ. ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಹೊಡೆಯಬಾರದೆಂದು 2005ರಲ್ಲೇ ನಿಷೇಧವಾಯಿತು. ಆದರೆ ಹತ್ತಿಗೆಂದು ಅದೇ ಡಬ್ಬಿ ಅಂಗಡಿಯಲ್ಲಿ ಸಿಗುತ್ತಲೇ ಇತ್ತು.

ನನಗೆ ಅನ್ಯಾಯವೆಂದು ಕಾಣುವುದು ಇದು: ಹೊರದೇಶದವರು ತಿನ್ನುವ ದ್ರಾಕ್ಷಿಗೆ ಬಳ್ಳಿಯಲ್ಲಿರುವಾಗಲೇ ಪರೀಕ್ಷೆ, ನಮ್ಮ ಮಕ್ಕಳು ತಿನ್ನುವ ಬದನೆಗೆ ಮಂಡಿ ಸೇರಿದ ಮೇಲೆ, ಅದೂ ಎಲ್ಲೋ ಒಂದು ಮೂಟೆಗೆ. ಹತ್ತು ತೋಟದ ಕಾಯಿ ಕೂಡಿದ ರಾಶಿಯಲ್ಲಿ ಯಾರ ತೋಟದ್ದೆಂದು ಹೇಳುವವರಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ ರೈತನಿಗಾಗಲಿ ಬೆಳೆಗಾಗಲಿ ಅನ್ವಯಿಸುವುದಿಲ್ಲ, ಸಿಕ್ಕಿಬೀಳುವವರು ಮಾರುವವರು. ಅದೇ ಕಾಯ್ದೆಯಂತೆ ವಿಶ್ಲೇಷಕರು ವರದಿ ಕೊಡಲು 14 ದಿನಗಳ ಕಾಲಾವಕಾಶವಿದೆ. ಅಷ್ಟರಲ್ಲಿ ಆ ಬದನೆಕಾಯಿ ಯಾರದೋ ಮನೆಯಲ್ಲಿ ಎಣ್ಣೆಗಾಯಿಯಾಗಿ, ರೊಟ್ಟಿಯ ಜೊತೆ ಖರ್ಚಾಗಿ ಹತ್ತು ದಿನ ಕಳೆದಿರುತ್ತದೆ.