ಕಿಣ್ವಕ್ಕೆ ಜೀವವಿದೆಯೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಕಳಚುವ ಕೆಲಸ, ಆದ ಮೇಲೆ ಬೀಜದ ಲೋಳೆ ಬೇಗ ಬಿಡಬೇಕಾದರೆ ತೊಟ್ಟಿಗೆ ಕಿಣ್ವ ಹಾಕಿ ಎಂದು ಪರಿಚಿತರು ಹೇಳಿದರು. ಕಿಣ್ವವೆಂದರೆ ಹೆಪ್ಪಿನ ಹಾಗೆ ಜೀವವಿರುವ ವಸ್ತುವೇ? ಒಮ್ಮೆ ತಂದರೆ ಅದನ್ನೇ ಬೆಳೆಸಿಕೊಂಡು ಮುಂದಿನ ಕುಯ್ಲಿಗೂ ಬಳಸಬಹುದೇ?

ಉತ್ತರ: ಕಿಣ್ವಕ್ಕೆ ಜೀವವಿಲ್ಲ, ಆದ್ದರಿಂದ ಅದನ್ನು ಬೆಳೆಸಿಕೊಳ್ಳಲು ಬರುವುದಿಲ್ಲ. ಜೀವಕೋಶಗಳು ತಯಾರಿಸುವ, ಬಹುಮಟ್ಟಿಗೆ ಪ್ರೋಟೀನೇ ಆಗಿರುವ ಈ ವಸ್ತು ಒಂದು ನಿರ್ದಿಷ್ಟ ರಾಸಾಯನಿಕ ಕ್ರಿಯೆಯನ್ನು ಬಹಳ ಪಟ್ಟು ಚುರುಕುಗೊಳಿಸುತ್ತದೆ ಮತ್ತು ಆ ಕ್ರಿಯೆಯಲ್ಲಿ ತಾನು ಖರ್ಚಾಗದೆ ಉಳಿಯುತ್ತದೆ. ಹೆಪ್ಪಿನ ಸಂಗತಿ ಬೇರೆ. ಇಂದಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ ಹೆಪ್ಪಾಗುವುದು ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಸಂತಾನ ಬೆಳೆಸುವುದರಿಂದ. ಕಿಣ್ವಕ್ಕೆ ಸಂತಾನವಿಲ್ಲ, ಹಾಕಿದಷ್ಟೇ ಇರುತ್ತದೆ, ತೊಳೆದ ನೀರಿನ ಜೊತೆ ಹೊರಟುಹೋಗುತ್ತದೆ.

ಈ ಗೊಂದಲಕ್ಕೆ ಕಾರಣ ಪದದೊಳಗೇ ಇದೆ. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯ ತಯಾರಿಸುವಾಗ ಸೇರಿಸುವ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ವಿಚಾರ ಬರುವಲ್ಲಿ ಈ ಮಾತು ಅದೇ ಅರ್ಥದಲ್ಲಿದೆ. ಯುರೋಪಿನಲ್ಲಿಯೂ ಹೀಗೆಯೇ ಆಯಿತು. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ಎನ್ಜೈಮ್ ಎಂಬ ಹೆಸರು ಕಟ್ಟಿದ್ದು 'ಹುದುಗಿನೊಳಗೆ' ಎಂಬ ಅರ್ಥದ ಗ್ರೀಕ್ ಮಾತುಗಳಿಂದ. ಸಕ್ಕರೆ ಮದ್ಯವಾಗಬೇಕಾದರೆ ಯೀಸ್ಟ್ ಜೀವಂತವಾಗಿರಲೇಬೇಕೆಂದು ಆ ಕಾಲದ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಡನೆ ಅರೆದು, ಹಿಂಡಿ, ಜೀವಕೋಶವೇ ಇಲ್ಲದ ರಸಕ್ಕೆ ಸಕ್ಕರೆ ಬೆರೆಸಿದಾಗ ಅದು ನೊರೆಯೆದ್ದು ಹುದುಗಿತು. ಆ ಕೆಲಸಕ್ಕೆ 1907ರ ನೊಬೆಲ್ ಬಹುಮಾನ ಬಂತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ: ಜೀವಿ ಸತ್ತಿತ್ತು, ಕಿಣ್ವ ಕೆಲಸ ಮಾಡುತ್ತಿತ್ತು.

ಇನ್ನು ನಿಮ್ಮ ತೊಟ್ಟಿಯನ್ನೇ ನೋಡೋಣ. ಸಿಪ್ಪೆ ಕಳಚಿದ ಬೀಜ ಕೈಗೆ ಸಿಗದೆ ಜಾರುವುದಕ್ಕೆ ಅದರ ಮೇಲಿನ ಲೋಳೆ ಕಾರಣ. ಆ ಲೋಳೆಗೆ ಅಂಟು ಕೊಡುವುದು ಪೆಕ್ಟಿನ್ ಎಂಬ ಉದ್ದನೆಯ ಸರಪಳಿಯಂಥ ವಸ್ತು. ಅರೇಬಿಕಾ ಬೀಜವನ್ನು ಒಂದು ದಿನ, ಒಂದೂವರೆ ದಿನ ತೊಟ್ಟಿಯಲ್ಲಿ ಬಿಟ್ಟಾಗ, ರೊಬಸ್ಟಾವನ್ನು ಇನ್ನೂ ಹೆಚ್ಚು ಹೊತ್ತು ಬಿಟ್ಟಾಗ, ಸೂಕ್ಷ್ಮಜೀವಿಗಳು ಹೊರಬಿಡುವ ಮತ್ತು ಹಣ್ಣಿನಲ್ಲಿಯೇ ಇರುವ ಪೆಕ್ಟಿನೇಸ್ ಕಿಣ್ವಗಳು ಈ ಸರಪಳಿಯನ್ನು ತುಂಡರಿಸುತ್ತವೆ. ಅಂದರೆ ನಿಮ್ಮ ತಾತನ ಕಾಲದ ತೊಟ್ಟಿಯಲ್ಲಿಯೂ ಕಿಣ್ವ ಇದ್ದೇ ಇತ್ತು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಆಸ್ಪರ್ಜಿಲಸ್ ಎಂಬ ಬೂಸ್ಟಿನಿಂದ ತೆಗೆದು ಶುದ್ಧಗೊಳಿಸಿದ ಅದೇ ಬಗೆಯ ಪೆಕ್ಟಿನೇಸ್. ಸೂಕ್ಷ್ಮಜೀವಿಗಳು ಹೆಚ್ಚಿ ಕಿಣ್ವ ತಯಾರಿಸುವವರೆಗೆ ಕಾಯಬೇಕಾಗಿಲ್ಲವಾದ್ದರಿಂದ ಲೋಳೆ ಬೇಗ ಬಿಡುತ್ತದೆ. ಪೆಕ್ಟಿನೇಸ್ ಪೆಕ್ಟಿನ್ನನ್ನು ಕತ್ತರಿಸುತ್ತದೆಯೇ ಹೊರತು ಪಿಷ್ಟವನ್ನಾಗಲಿ ಕೊಬ್ಬನ್ನಾಗಲಿ ಮುಟ್ಟುವುದಿಲ್ಲ. ಪ್ರತಿಯೊಂದು ಕಿಣ್ವದ ಮೈಯಲ್ಲಿ ಒಂದು ಗುಳಿಯಿದ್ದು, ಅದರಲ್ಲಿ ಕೂರುವ ಆಕಾರದ ಅಣುವಿನ ಮೇಲೆ ಮಾತ್ರ ಅದರ ಕೆಲಸ ನಡೆಯುತ್ತದೆ.

ಆ ಆಕಾರ ಕೆಟ್ಟರೆ ಕೆಲಸ ನಿಂತಿತು. ಹಾಸನದ ಆಲೂಗಡ್ಡೆಯೊಂದನ್ನು ಹೋಳು ಮಾಡಿ ತಟ್ಟೆಯಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಕೊಯ್ದ ಮುಖ ಕಂದಾಗುತ್ತದೆ. ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಬಣ್ಣ ತರಿಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಅದೇ ಗೆಡ್ಡೆಯನ್ನು ಬೇಯಿಸಿ ಕತ್ತರಿಸಿದರೆ ಹೋಳು ಹಾಗೆ ಕಂದಾಗುವುದಿಲ್ಲ, ಏಕೆಂದರೆ ಬಿಸಿಗೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಹೋಗಿರುತ್ತವೆ. ಇದನ್ನು 'ಕಿಣ್ವ ಸತ್ತಿತು' ಎಂದು ಹೇಳುವ ರೂಢಿಯಿದೆ. ಇಲ್ಲದ ಜೀವವನ್ನು ಇದೆಯೆನಿಸುವ ಆ ಮಾತನ್ನು ಬಿಟ್ಟು 'ನಿಷ್ಕ್ರಿಯವಾಯಿತು' ಎನ್ನುವುದೇ ಸರಿ ಎಂದು ನನ್ನ ಅಭಿಪ್ರಾಯ.

ಹೆಸರುಗಳ ಕೊನೆಯಲ್ಲಿ ಬರುವ 'ಏಸ್' ಕಿಣ್ವದ ಗುರುತು. ನೀವು ತೋಟಕ್ಕೆ ಹಾಕುವ ಯೂರಿಯಾವನ್ನು ಮಣ್ಣಿನಲ್ಲಿ ಒಡೆದು ಅಮೋನಿಯಾ ಮಾಡುವುದು ಯೂರಿಯೇಸ್. ಕಿಣ್ವವೆಂದರೆ ಪ್ರೋಟೀನು ಎಂದು 1926ರಲ್ಲಿ ಜೇಮ್ಸ್ ಸಮ್ನರ್ ತೋರಿಸಿದ್ದು ಇದನ್ನೇ ಹರಳಾಗಿಸಿ. ರಕ್ತಪರೀಕ್ಷೆಯಲ್ಲಿ 'ಲಿವರ್ ಎನ್ಜೈಮ್ ಜಾಸ್ತಿ' ಎಂದು ಬರೆದಿದ್ದರೆ, ಸಾಮಾನ್ಯವಾಗಿ ಯಕೃತ್ತಿನ ಕೋಶಗಳೊಳಗೆ ಇರಬೇಕಾದ ಕಿಣ್ವಗಳು ಕೋಶಗಳಿಗೆ ಪೆಟ್ಟಾಗಿ ರಕ್ತಕ್ಕೆ ಸೋರಿವೆ ಎಂದರ್ಥ. ಯಕೃತ್ತು ಹೆಚ್ಚು ಕೆಲಸ ಮಾಡುತ್ತಿದೆ ಎಂದಲ್ಲ.

ತಂದ ಕಿಣ್ವವನ್ನು ತಂಪಾದ ಕಡೆ ಇಡಿ, ಬಿಸಿನೀರಿನಲ್ಲಿ ಕಲಸಬೇಡಿ, ಡಬ್ಬಿಯ ಮೇಲಿನ ಅಳತೆಯನ್ನು ಮೀರಬೇಡಿ. ಡಿಸೆಂಬರ್ ಚಳಿಯಲ್ಲಿ ಕಿಣ್ವದ ವೇಗ ಇಳಿಯುವುದರಿಂದ ಗಡಿಯಾರವೊಂದನ್ನೇ ನೆಚ್ಚದೆ, ಆಗಾಗ ಒಂದು ಹಿಡಿ ಬೀಜ ತೆಗೆದು ತೊಳೆದು ಅಂಗೈಯಲ್ಲಿ ಉಜ್ಜಿ ನೋಡಿ. ಜಾರುವುದು ನಿಂತು, ಹೊಳೆಯ ಸಣ್ಣ ಕಲ್ಲುಗಳಂತೆ ತರಿತರಿಯಾಗಿ ಕೈಗೆ ಹತ್ತಿದೊಡನೆ ತೊಟ್ಟಿಯ ನೀರು ಬಿಟ್ಟು ತೊಳೆಯಲು ಆರಂಭಿಸಿ. ಆಮೇಲೂ ಬಿಟ್ಟರೆ ಬೀಜಕ್ಕೆ ಹುಳಿವಾಸನೆ ಹತ್ತುತ್ತದೆ.