ಫ್ರೆಂಚ್ ಕಲಿಯುವಾಗ ಇಂಗ್ಲಿಷನ್ನು ಎಲ್ಲಿ ನಂಬಬೇಕು, ಕನ್ನಡವನ್ನು ಎಲ್ಲಿ ನಂಬಬೇಕು

ಸಾಗರ, ತೀರ್ಥಹಳ್ಳಿ, ಹೊಸನಗರದ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಕನ್ನಡ ಪ್ರಥಮ ಭಾಷೆ, 125 ಅಂಕ. ಇಂಗ್ಲಿಷ್ ದ್ವಿತೀಯ ಭಾಷೆ, 100 ಅಂಕ. ಫ್ರೆಂಚ್ ನಮ್ಮ ಕೈಗೆ ಸಿಗುವುದು ಸಿಬಿಎಸ್‌ಇ ಶಾಲೆಯಲ್ಲಿ, ಪಿಯುಸಿಯಲ್ಲಿ ಆಯ್ದುಕೊಂಡರೆ, ಇಲ್ಲವೇ ಡೆಲ್ಫ್ ಎಂಬ ಫ್ರೆಂಚ್ ಪ್ರಮಾಣಪತ್ರದ ಪರೀಕ್ಷೆಗೆಂದು ಹೊರಗೆ ಓದಿದರೆ. ಯಾವ ದಾರಿಯಲ್ಲಿ ಬಂದರೂ ಎಲ್ಲರೂ ಮಾಡುವುದು ಒಂದೇ: ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷ್ ಮಾಡಿ, ಆ ಇಂಗ್ಲಿಷನ್ನು ಫ್ರೆಂಚ್ ಮಾಡುವುದು. ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಎರಡನೇ ಜಿಗಿತದಲ್ಲಿ. ಎಷ್ಟೋ ಕಡೆ ಕನ್ನಡದಿಂದ ಫ್ರೆಂಚಿಗೆ ನೇರ ದಾರಿ ಇದೆ, ಇಂಗ್ಲಿಷ್ ಸುತ್ತುದಾರಿ. ಕೆಲವು ಕಡೆ ಮಾತ್ರ ಇಂಗ್ಲಿಷೇ ಆಧಾರ. ಯಾವುದು ಎಲ್ಲಿ ಎಂದು ಗೊತ್ತಿದ್ದರೆ ಎರಡು ಭಾಷೆಯೂ ಸುಧಾರಿಸುತ್ತವೆ.

ಓದುವ ಮೊದಲು ಲಿಪಿಯ ಬಗ್ಗೆ ಮೂರು ಮಾತು. ಇಲ್ಲಿ ಫ್ರೆಂಚ್ ಪದದಲ್ಲಿ ಬರುವ ಸೊನ್ನೆಯನ್ನು 'ಮ್' ಎಂದು ಓದಬೇಡಿ. ತುಟಿ ಮುಚ್ಚದೆ, ಸ್ವರವನ್ನೇ ಮೂಗಿನಿಂದ ಬಿಡಿ. 'ಝ' ಎಂದರೆ 'ಶ' ಹೇಳುತ್ತಲೇ ಗಂಟಲು ಅದುರಿಸಿದಾಗ ಬರುವ ಧ್ವನಿ. 'ಜ಼' ಎಂದರೆ ಜೇನಿನ ಹುಳುವಿನ ಝೇಂಕಾರದ ಧ್ವನಿ, ಜಾತ್ರೆಯ 'ಜ' ಅಲ್ಲ.

'ನನಗೆ' ಎಂದು ಶುರುವಾಗುವ ವಾಕ್ಯಗಳು

ನನಗೆ ಹಸಿವು, ನನಗೆ ಬಾಯಾರಿಕೆ, ನನಗೆ ಚಳಿ, ನನಗೆ ಸೆಕೆ, ನನಗೆ ಹೆದರಿಕೆ, ನನಗೆ ನಿದ್ದೆ, ನನಗೆ ಹದಿನೈದು ವರ್ಷ. ಇಂಗ್ಲಿಷಿನಲ್ಲಿ ಇವೆಲ್ಲ 'ಐ ಆ್ಯಮ್' ಆಗುತ್ತವೆ: ಐ ಆ್ಯಮ್ ಹಂಗ್ರಿ, ಐ ಆ್ಯಮ್ ಫಿಫ್ಟೀನ್. ಅದನ್ನೇ ಹಿಡಿದು ಫ್ರೆಂಚಿನಲ್ಲಿ 'ಝ ಸ್ವಿ' ಎಂದು ಶುರುಮಾಡಿದರೆ ವಾಕ್ಯ ಕೆಟ್ಟಿತು. 'ಝ ಸ್ವಿ ಫ್ರ್ವಾ' ಎಂದರೆ ನನಗೆ ಚಳಿ ಎಂದಲ್ಲ, ನಾನು ಭಾವನೆಯಿಲ್ಲದ ಮನುಷ್ಯ ಎಂಬರ್ಥ ಬರುತ್ತದೆ. ಸರಿಯಾದದ್ದು 'ಝೆ', ಅಂದರೆ 'ನನ್ನ ಬಳಿ ಇದೆ': ಝೆ ಫ್ಯಾಂ, ಝೆ ಸ್ವಾಫ್, ಝೆ ಫ್ರ್ವಾ, ಝೆ ಶೋ, ಝೆ ಪರ್, ಝೆ ಸೊಮ್ಮೇಯ್, ಝೆ ಕ್ಯಾಂಜ಼್ ಆಂ.

ಕನ್ನಡದಲ್ಲಿ ಹಸಿವು, ಚಳಿ, ಹೆದರಿಕೆ ಎಲ್ಲವೂ ನಾಮಪದ, ಫ್ರೆಂಚಿನಲ್ಲೂ ಅಷ್ಟೇ. ಇಂಗ್ಲಿಷ್ ಮಾತ್ರ ಅವನ್ನು ಗುಣವಾಚಕ ಮಾಡಿಕೊಂಡಿದೆ. ಆದ್ದರಿಂದ ನಿಯಮ ಸರಳ: 'ನನಗೆ' ಜೊತೆ ನಾಮಪದ ಇದ್ದರೆ ಮೊದಲು 'ಝೆ' ಹಾಕಿ ನೋಡಿ. ನನಗೆ ತಲೆನೋವು, 'ಝೆ ಮಾಲ್ ಆ ಲಾ ತೆತ್'. ನನಗೆ ಜ್ವರ, 'ಝೆ ದ ಲಾ ಫಿಯೆವ್ರ್'. ನನಗೆ ಇಬ್ಬರು ಅಣ್ಣಂದಿರು, 'ಝೆ ದ ಫ್ರೆರ್'. ಈ ಕೊನೆಯ ವಾಕ್ಯವನ್ನು ಇಂಗ್ಲಿಷಿನಲ್ಲಿ 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂದು ಬರೆಯುವವರು ಬಹಳ. 'ಹ್ಯಾವ್' ಸಂಬಂಧವನ್ನೋ ಸ್ವಾಮ್ಯವನ್ನೋ ಹೇಳುವಾಗ ಅದಕ್ಕೆ 'ಇಂಗ್' ಸೇರುವುದಿಲ್ಲ. 'ಐ ಹ್ಯಾವ್' ಅಷ್ಟೇ.

ಮೀರುವ ಕಡೆಗಳೂ ಇವೆ. ಖುಷಿ ಮತ್ತು ಸುಸ್ತು ಫ್ರೆಂಚಿನಲ್ಲಿ ಗುಣವಾಚಕ, ಹಾಗಾಗಿ 'ಝ ಸ್ವಿ ಕೊಂತಾಂ', 'ಝ ಸ್ವಿ ಫಾತಿಗೆ'. ಹುಡುಗಿ ಹೇಳುವುದಾದರೆ 'ಕೊಂತಾಂತ್'. ನನಗೆ ಗೊತ್ತು ಎನ್ನಲು 'ಝ ಸೆ', ನನಗೆ ಇಷ್ಟ ಎನ್ನಲು 'ಝೆಮ್'. ಇವು ನಾಲ್ಕನ್ನು ಮೊದಲು ಬಾಯಿಪಾಠ ಮಾಡಿಬಿಡಿ, ಇಂಥವು ಇನ್ನೂ ಸಿಕ್ಕರೆ ಪಟ್ಟಿಗೆ ಸೇರಿಸಿಕೊಳ್ಳಿ.

'ಐದು ವರ್ಷದಿಂದ'

'ಐದು ವರ್ಷದಿಂದ ಸಾಗರದಲ್ಲಿದ್ದೇನೆ' ಎನ್ನುವಾಗ ನಮ್ಮ ಕ್ರಿಯಾಪದ ವರ್ತಮಾನದಲ್ಲಿದೆ. ಫ್ರೆಂಚಿನಲ್ಲೂ ವರ್ತಮಾನವೇ: 'ಝಾಬಿತ್ ಆ ಸಾಗರ್ ದಪ್ವಿ ಸ್ಯಾಂಕ್ ಆಂ'. 'ದಪ್ವಿ' ನಮ್ಮ 'ಇಂದ' ಇದ್ದ ಹಾಗೆಯೇ ಕೆಲಸ ಮಾಡುತ್ತದೆ. 'ಜೂನ್‌ನಿಂದ' ಎಂದರೂ ಅದೇ, 'ಐದು ವರ್ಷದಿಂದ' ಎಂದರೂ ಅದೇ.

ಇಂಗ್ಲಿಷ್ ಇಲ್ಲಿ ಎರಡು ಕಡೆ ಬೇರೆಯಾಗುತ್ತದೆ. ಕಾಲ ವರ್ತಮಾನ ಅಲ್ಲ, 'ಹ್ಯಾವ್ ಲಿವ್ಡ್' ಅಥವಾ 'ಹ್ಯಾವ್ ಬೀನ್ ಲಿವಿಂಗ್'. ಜೊತೆಗೆ ನಮ್ಮ 'ಇಂದ' ಎರಡಾಗಿ ಒಡೆಯುತ್ತದೆ: ಶುರುವಾದ ಬಿಂದುವಿಗೆ 'ಸಿನ್ಸ್', ಅವಧಿಗೆ 'ಫಾರ್'. 'ಐ ಆ್ಯಮ್ ಲಿವಿಂಗ್ ಇನ್ ಸಾಗರ್ ಸಿನ್ಸ್ ಫೈವ್ ಇಯರ್ಸ್' ಎಂಬ ನಮ್ಮ ಖಾಯಂ ವಾಕ್ಯದಲ್ಲಿ ಈ ಎರಡೂ ತಪ್ಪು ಒಟ್ಟಿಗೆ ಇವೆ. ಪರೀಕ್ಷೆಯಲ್ಲಿ ತಿದ್ದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾ? ತೋರಿಸಬಹುದಾದರೆ ಸಿನ್ಸ್. ಎಣಿಸಬೇಕಾದರೆ ಫಾರ್.

ಉದ್ಯೋಗ ಹೇಳುವಾಗಲೂ ಫ್ರೆಂಚ್ ನಮ್ಮ ಪಕ್ಷ. 'ನಾನು ವಿದ್ಯಾರ್ಥಿನಿ' ಎಂಬಲ್ಲಿ ಮಧ್ಯೆ ಏನೂ ಬೇಡ, 'ಝ ಸ್ವಿ ಲಿಸೆಯೆನ್' ಎಂಬಲ್ಲೂ ಬೇಡ. ಇಂಗ್ಲಿಷಿನಲ್ಲಿ ಮಾತ್ರ 'ಎ ಸ್ಟೂಡೆಂಟ್' ಆಗಬೇಕು.

ಆದರೆ ಮಳೆ ಬಂದಾಗ ಕನ್ನಡ ಕೈಕೊಡುತ್ತದೆ. 'ಮಳೆ ಬರ್ತಿದೆ' ಎಂಬುದನ್ನು 'ರೇನ್ ಈಸ್ ಕಮಿಂಗ್' ಎಂದು ಬರೆಯಬೇಡಿ. ಇಂಗ್ಲಿಷಿಗೂ ಫ್ರೆಂಚಿಗೂ ಇಲ್ಲಿ ಅರ್ಥವಿಲ್ಲದ ಒಂದು ಕರ್ತೃ ಬೇಕು: 'ಇಟ್ ಈಸ್ ರೇನಿಂಗ್', 'ಇಲ್ ಪ್ಲ'. ಹೊರಗೆ ಚಳಿ ಇದೆ ಎನ್ನಲು 'ಇಲ್ ಫೆ ಫ್ರ್ವಾ'. ನನಗೆ ಚಳಿ ಆದರೆ 'ಝೆ', ಊರಿಗೇ ಚಳಿ ಆದರೆ 'ಇಲ್ ಫೆ'. ಆಗುಂಬೆಯ ಬಗ್ಗೆ ಬರೆಯಲು ಕೂತರೆ ಮೊದಲ ಸಾಲಿಗೇ ಇದು ಬೇಕಾಗುತ್ತದೆ: 'ಆ ಆಗುಂಬೆ, ಇಲ್ ಪ್ಲ ಬೊಕು', ಅಂದರೆ ಆಗುಂಬೆಯಲ್ಲಿ ತುಂಬಾ ಮಳೆ.

ನೀನು, ನೀವು

'ತ್ಯು' ಮತ್ತು 'ವೂ' ನಮ್ಮ ನೀನು ಮತ್ತು ನೀವು. 'ನೀವು' ಬಹುವಚನವೂ ಹೌದು, ಗೌರವವೂ ಹೌದು ಎಂಬುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ವ್ಯತ್ಯಾಸ ಎರಡೇ. ಫ್ರಾನ್ಸಿನ ಮನೆಗಳಲ್ಲಿ ಸಾಮಾನ್ಯವಾಗಿ ಅಜ್ಜ, ಅಪ್ಪ ಎಲ್ಲರಿಗೂ 'ತ್ಯು'. ಅಪ್ಪನಿಗೆ ನೀವು ಎಂದು ಬೆಳೆದವರಿಗೆ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಬರೆಯಬೇಕು. ಎರಡನೆಯದು, ಗೌರವದ ಬಹುವಚನ ಎದುರಿನವರಿಗೆ ಮಾತ್ರ. 'ಮೇಷ್ಟ್ರು ಬಂದರು' ಎನ್ನುವಾಗ ನಮ್ಮ ಕ್ರಿಯಾಪದ ಬಹುವಚನ, ಫ್ರೆಂಚ್ ಇಂಗ್ಲಿಷ್ ಎರಡರಲ್ಲೂ ಏಕವಚನ. ಒಬ್ಬ ಮೇಷ್ಟ್ರಿಗೆ 'ದೇ' ಎಂದು ಬರೆದರೆ ಇಬ್ಬರಾಗಿಬಿಡುತ್ತಾರೆ. ಒಂದೇ ಪತ್ರದಲ್ಲಿ ತ್ಯು, ವೂ ಬೆರೆಸಿದರೆ ಅಂಕ ಹೋಗುತ್ತದೆ. ಬರೆದು ಮುಗಿಸಿದ ಮೇಲೆ ಇದೊಂದಕ್ಕೇ ಒಮ್ಮೆ ಕಣ್ಣಾಡಿಸಿ.

ನಾಲಿಗೆಯ ಕೆಲಸ

ಫ್ರೆಂಚಿನ ಟಿ ಮತ್ತು ಡಿ ಅಕ್ಷರಗಳು ನಮ್ಮ 'ತ', 'ದ'. ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷಿನ ಟೇಬಲ್ ಫ್ರೆಂಚಿನಲ್ಲಿ 'ತಾಬ್ಲ್'. ನೋಟ್ಸಿನಲ್ಲಿ ಫ್ರೆಂಚ್ ಉಚ್ಚಾರ ಬರೆದುಕೊಳ್ಳುವಾಗ ಟ, ಡ ಬರೆಯಲೇಬೇಡಿ, ಅರ್ಧ ಉಚ್ಚಾರ ತಾನಾಗಿ ಸರಿಹೋಗುತ್ತದೆ. ಪ, ತ, ಕ ಹೇಳುವಾಗ ಉಸಿರು ನುಗ್ಗಬಾರದು. ಬಾಯಿಯ ಮುಂದೆ ಒಂದು ಸಣ್ಣ ಕಾಗದದ ಪಟ್ಟಿ ಹಿಡಿದು ನೋಡಿ. ಇಂಗ್ಲಿಷರಂತೆ 'ಪೆನ್' ಎಂದರೆ ಅದು ಅಲುಗುತ್ತದೆ. ಫ್ರೆಂಚ್ 'ಪೆರ್' ಎಂದಾಗ, ನಮ್ಮ 'ಪೇಟೆ' ಎಂದಾಗ ಆದಂತೆ, ಅಲುಗಬಾರದು.

ನಮ್ಮದೇ ತೊಂದರೆಗಳು ಎರಡು. ಪದದ ಮೊದಲ 'ಎ'ಗೆ 'ಯ' ಅಂಟಿಸುವುದು ಒಂದು. ಶಾಲೆ 'ಎಕೊಲ್', 'ಯೆಕೊಲ್' ಅಲ್ಲ. ಇದು ಬರೀ ಸೊಗಸಿನ ಪ್ರಶ್ನೆಯಲ್ಲ: ಬಹುವಚನದಲ್ಲಿ ಇಂಗ್ಲಿಷಿನ 'ದಿ' ಜಾಗಕ್ಕೆ ಬರುವ 'ಲೆ' ಪದದ ಮೌನ ಎಸ್ ಮುಂದಿನ ಸ್ವರಕ್ಕೆ ಹಾರಿ 'ಲೆಜ಼ೆಕೊಲ್' ಆಗಬೇಕು, ನಡುವೆ 'ಯ' ನುಗ್ಗಿದರೆ ಆ ಸೇತುವೆಯೇ ಬೀಳುತ್ತದೆ. ಇನ್ನೊಂದು, ಬಸ್ಸು, ಕಾರು ಎನ್ನುವ ಹಾಗೆ ವ್ಯಂಜನದ ಕೊನೆಗೆ 'ಉ' ಸೇರಿಸುವುದು. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನ ಕೇಳಿಸುತ್ತದೋ ಇಲ್ಲವೋ ಎಂಬುದರಲ್ಲೇ ಎಷ್ಟೋ ಸಲ ಲಿಂಗ ಅಡಗಿರುತ್ತದೆ. ಚಿಕ್ಕವನು 'ಪತಿ', ಚಿಕ್ಕವಳು 'ಪತಿತ್'. ಕ್ಲಾಸಿನಲ್ಲಿ ಇದಕ್ಕೆ ನಗದವರಿಲ್ಲ. ನಕ್ಕವರು ಮರೆಯುವುದೂ ಇಲ್ಲ.

'ತ್ಯು' ಎಂದು ನಾವು ಬರೆದರೂ ಅದರಲ್ಲಿ ಯಕಾರ ಇಲ್ಲ. 'ಈ' ಎನ್ನುತ್ತಾ, ನಾಲಿಗೆ ಕದಲಿಸದೆ, ತುಟಿಯನ್ನು ಮಾತ್ರ 'ಊ'ಗೆ ತನ್ನಿ. ಕನ್ನಡಿ ಮುಂದೆ ದಿನಕ್ಕೆ ಹತ್ತು ಸಲ ಸಾಕು. ಗಂಟಲಿನ 'ರ' ಬಗ್ಗೆ ಮೊದಲ ವರ್ಷ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ 'ರ' ಹೇಳಿದರೂ ಅರ್ಥವಾಗುತ್ತದೆ.

ಬರೆಯುವುದುಂಟು, ಕೇಳಿಸುವುದಿಲ್ಲ

ಕನ್ನಡದಲ್ಲಿ 'ಮಾತಾಡ್ತೀನಿ' ಎಂದರೆ ಸಾಕು, ಯಾರು ಎಂಬುದು ಪ್ರತ್ಯಯದಲ್ಲೇ ಕೇಳಿಸುತ್ತದೆ. ಫ್ರೆಂಚಿನಲ್ಲಿ ಪ್ರತ್ಯಯ ಕಾಗದದ ಮೇಲಿದೆ, ಕಿವಿಗಿಲ್ಲ. ನಾನು, ನೀನು, ಅವನು ಮಾತಾಡುವುದಕ್ಕೆ 'ಝ ಪಾರ್ಲ್', 'ತ್ಯು ಪಾರ್ಲ್', 'ಇಲ್ ಪಾರ್ಲ್', ಮೂರರಲ್ಲೂ ಕ್ರಿಯಾಪದದ ಧ್ವನಿ ಒಂದೇ. ಬಹುವಚನದ 'ಇಲ್ ಪಾರ್ಲ್'ನ ಕೊನೆಗೆ ಇ-ಎನ್-ಟಿ ಎಂಬ ಮೂರಕ್ಷರ ಬರೆದರೂ ಉಚ್ಚಾರ ಬದಲಾಗುವುದಿಲ್ಲ. ಬದಲಾಗುವುದು ನಾವು ಎಂಬ 'ನೂ ಪಾರ್ಲೋಂ', ನೀವು ಎಂಬ 'ವೂ ಪಾರ್ಲೆ' ಎರಡೇ. ಅದಕ್ಕೇ ಸರ್ವನಾಮ ಬಿಡುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಡಿಕ್ಟೇಷನ್‌ನಲ್ಲಿ ಅಂಕ ಸೋರುವುದೂ ಇಲ್ಲೇ.

ಡಿಕ್ಟೇಷನ್ ಅಭ್ಯಾಸಕ್ಕೆ 60ರಿಂದ 80 ಪದದ ಒಂದು ತುಣುಕು ಸಾಕು. ಮೊದಲ ಸಲ ಪೆನ್ನು ಮುಟ್ಟದೆ ಕೇಳಿ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಬರೆಯಿರಿ. ಮೂರನೇ ಸಲ ಹಾಡಿಸಿ, ಆಮೇಲೆ ಈ ಕ್ರಮದಲ್ಲಿ ತಿದ್ದಿ: ಕರ್ತೃವಿನಿಂದ ಕ್ರಿಯಾಪದಕ್ಕೆ ಗೆರೆ ಎಳೆದು ಪ್ರತ್ಯಯ ನೋಡಿ, ಬಹುವಚನದ ಎಸ್, ಸ್ತ್ರೀಲಿಂಗದ ಇ ನೋಡಿ, ಕೊನೆಗೆ ಸ್ವರದ ಮೇಲಿನ ಗೀಟುಗಳು. ಎಲ್ಲವನ್ನೂ ಒಟ್ಟಿಗೆ ನೋಡಹೊರಟರೆ ಒಂದೂ ಕಣ್ಣಿಗೆ ಬೀಳುವುದಿಲ್ಲ. ಫ್ರೆಂಚ್ ಟಿವಿ ವಾಹಿನಿ ಟಿವಿ5ಮೊಂದ್ ಮತ್ತು ರೇಡಿಯೋ ಆರ್‌ಎಫ್‌ಐ ಕಲಿಯುವವರಿಗಾಗಿ ಧ್ವನಿ ಪಾಠಗಳನ್ನು ಉಚಿತವಾಗಿ ಕೊಡುತ್ತವೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಾದರೆ, ಸಿಕ್ಕ ದಿನವೇ ನಾಲ್ಕಾರು ತುಣುಕು ಫೋನಿನಲ್ಲಿ ಇಳಿಸಿಟ್ಟುಕೊಳ್ಳುವುದು ಜಾಣತನ.

ಕಲ್ಲಿಗೂ ಲಿಂಗ

ಕನ್ನಡದಲ್ಲಿ ಮನುಷ್ಯರಲ್ಲದ್ದು 'ಅದು', ಮುಗಿಯಿತು. ಫ್ರೆಂಚಿನಲ್ಲಿ ಮಳೆ, ಗದ್ದೆ ಸ್ತ್ರೀಲಿಂಗ. ಅಡಿಕೆ ಮರ, ಕರಿಮೆಣಸು ಪುಲ್ಲಿಂಗ. ಇಲ್ಲಿ ಕನ್ನಡವೂ ಇಂಗ್ಲಿಷೂ ಸಹಾಯಕ್ಕೆ ಬಾರವು. ಇರುವುದು ಪದದ ಕೊನೆಯ ಸುಳಿವು. ಟಿ-ಐ-ಒ-ಎನ್, ಇ-ಟಿ-ಟಿ-ಇ, ಎ-ಎನ್-ಸಿ-ಇ ಎಂದು ಮುಗಿದರೆ ಹೆಚ್ಚಾಗಿ ಸ್ತ್ರೀಲಿಂಗ. ಎ-ಜಿ-ಇ, ಎಂ-ಇ-ಎನ್-ಟಿ, ಇ-ಎ-ಯು ಆದರೆ ಹೆಚ್ಚಾಗಿ ಪುಲ್ಲಿಂಗ. ಪುಟ, ಚಿತ್ರ, ಸಮುದ್ರತೀರ ಎಂಬರ್ಥದ 'ಪಾಝ್', 'ಇಮಾಝ್', 'ಪ್ಲಾಝ್' ಈ ನಿಯಮ ಮುರಿಯುತ್ತವೆ. ನೀರು ಎಂಬ 'ಓ' ಕೂಡ.

ಇಂಗ್ಲಿಷಿನ 'ದಿ'ಗೆ ಫ್ರೆಂಚಿನಲ್ಲಿ ಪುಲ್ಲಿಂಗಕ್ಕೆ 'ಲ', ಸ್ತ್ರೀಲಿಂಗಕ್ಕೆ 'ಲಾ'; ಹೊಸ ಪದವನ್ನು ಇವುಗಳ ಜೊತೆ ಬರೆದುಕೊಳ್ಳಿ ಎಂದು ಪುಸ್ತಕಗಳು ಹೇಳುತ್ತವೆ. 'ಒಂದು' ಎಂಬರ್ಥದ 'ಅಂ' (ಪುಲ್ಲಿಂಗ), 'ಯುನ್' (ಸ್ತ್ರೀಲಿಂಗ) ಜೊತೆ ಬರೆಯುವುದು ಇನ್ನೂ ಒಳ್ಳೆಯದು. ಸ್ವರದಿಂದ ಶುರುವಾಗುವ ಪದದ ಮುಂದೆ 'ಲ' ಮತ್ತು 'ಲಾ' ಎರಡೂ ಬರೀ 'ಲ್' ಆಗಿ ಕುಗ್ಗುತ್ತವೆ, ಲಿಂಗ ಮರೆಯಾಗುತ್ತದೆ. 'ಲೆಕೊಲ್' ಎಂದರೆ ಗೊತ್ತಾಗದು, 'ಯುನ್ ಎಕೊಲ್' ಎಂದರೆ ಗೊತ್ತಾಗುತ್ತದೆ.

ಅಂಕಿ

69ರವರೆಗೆ ಕಷ್ಟವಿಲ್ಲ. 70 ಎಂದರೆ ಅರುವತ್ತು-ಹತ್ತು, 80 ನಾಲ್ಕು-ಇಪ್ಪತ್ತು, 97 ನಾಲ್ಕು-ಇಪ್ಪತ್ತು-ಹದಿನೇಳು. ಫ್ರಾನ್ಸಿನ ಫೋನ್ ನಂಬರಿನಲ್ಲಿ ಹತ್ತು ಅಂಕಿ, ಎರಡೆರಡಾಗಿ ಐದು ಜೋಡಿ ಹೇಳುತ್ತಾರೆ. ಅರುವತ್ತು ಎಂಬ 'ಸ್ವಾಸಾಂತ್' ಕೇಳಿದೊಡನೆ 6 ಬರೆದುಬಿಟ್ಟಿರಿ, ಹಿಂದೆಯೇ ಹನ್ನೆರಡು ಎಂಬ 'ದೂಜ಼್' ಬಂತು ಎಂದರೆ ಅದು 72. ಜೋಡಿ ಮುಗಿಯುವವರೆಗೆ ಪೆನ್ನು ಇಳಿಸಬಾರದು. ಅಭ್ಯಾಸಕ್ಕೆ ಜೋಗದ ಎತ್ತರ 253 ಮೀಟರ್ ಹೇಳಿ ನೋಡಿ: 'ದ ಸಾಂ ಸ್ಯಾಂಕಾಂತ್ ತ್ರ್ವಾ ಮೆತ್ರ್'. ಆಮೇಲೆ ಮನೆಯವರ ಫೋನ್ ನಂಬರುಗಳನ್ನು ಹೇಳಿ.

ಇಂಗ್ಲಿಷನ್ನು ನಂಬಬಹುದಾದದ್ದು ಪದಸಂಪತ್ತಿನಲ್ಲಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದ ಇಂಗ್ಲಿಷಿಗೆ ಬಂದವು, ಓದುವಾಗ ಅದರ ಲಾಭ ನಿಮ್ಮದು. ಮೋಸ ಮಾಡುವ ಕೆಲವನ್ನು ಮಾತ್ರ ಗುರುತಿಟ್ಟುಕೊಳ್ಳಿ: 'ಲಿಬ್ರೆರಿ' ಪುಸ್ತಕದಂಗಡಿ, ಗ್ರಂಥಾಲಯವಲ್ಲ. 'ಕೊಲೆಝ್' 11ರಿಂದ 15 ವರ್ಷದವರ ಶಾಲೆ. 'ಪಾಸೆ ಅನ್ ಎಗ್ಜ಼ಾಮ್ಯಾಂ' ಎಂದರೆ ಪರೀಕ್ಷೆ ಬರೆಯುವುದು. ಪಾಸಾಗುವುದಕ್ಕೆ 'ರೆಯುಸಿರ್' ಎಂಬ ಬೇರೆ ಕ್ರಿಯಾಪದವಿದೆ.

ಡೆಲ್ಫ್‌ನ ಮೊದಲ ಹಂತ ಎ1 ಬರೆಯುವವರಿಗೆ

ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25, ಒಟ್ಟು 100. ಪಾಸಿಗೆ 50 ಬೇಕು, ಯಾವುದರಲ್ಲೂ 5ಕ್ಕಿಂತ ಕಡಿಮೆ ಇರಬಾರದು. ಬರವಣಿಗೆಯಲ್ಲಿ ಎರಡು ಭಾಗ: ಒಂದು ಅರ್ಜಿ ತುಂಬುವುದು, ಇನ್ನೊಂದು ಕನಿಷ್ಠ 40 ಪದದ ಚಿಕ್ಕ ಪತ್ರ. ಪತ್ರಕ್ಕೆ ಪಠ್ಯದ ಹಿಮ, ಮೆಟ್ರೋ ಬೇಕಿಲ್ಲ. ಜೋಗ, ಗದ್ದೆ, ಮಳೆ ಸಾಕು. ಊರಿನ ಹೆಸರಿಗೆ 'ಆ' ಹಾಕಿ, 'ಆ ಸಾಗರ್' ಎಂದರೆ ಸಾಗರದಲ್ಲಿ ಎಂದೂ ಆಯಿತು, ಸಾಗರಕ್ಕೆ ಎಂದೂ ಆಯಿತು. ರಾಜ್ಯಕ್ಕೆ 'ಓ ಕರ್ನಾಟಕ', ದೇಶಕ್ಕೆ 'ಆನ್ ಆ್ಯಂದ್'. ಅಡಿಕೆಗೆ 'ನ್ವಾ ದಾರೆಕ್' ಎನ್ನಿ.

ಅರ್ಜಿಯಲ್ಲಿ 'ನೋಂ' ಎಂದರೆ ಮನೆತನದ ಹೆಸರು, 'ಪ್ರೆನೋಂ' ನಿಮ್ಮ ಹೆಸರು. ಹೆಸರಿನ ಮುಂದೆ ಊರು, ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ ಇರುವ ನಮ್ಮಂಥವರು ಇಲ್ಲಿ ಗೊಂದಲ ಪಡುತ್ತಾರೆ. ಅಭ್ಯಾಸದ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ 'ನೋಂ' ಜಾಗಕ್ಕೆ ಬರೆಯಿರಿ. ನಿಜವಾದ ನೋಂದಣಿಯಲ್ಲಿ ಆಧಾರ್ ಅಥವಾ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಕೊಡಿ, ಪ್ರಮಾಣಪತ್ರ ಆ ಹೆಸರಿನಲ್ಲೇ ಬರುತ್ತದೆ. ಹುಟ್ಟಿದ ದಿನಾಂಕ ನಮ್ಮಲ್ಲಿ ಬರೆಯುವಂತೆಯೇ, ದಿನ, ತಿಂಗಳು, ವರ್ಷ.