ಬ್ಯಾಕ್ ಪ್ರೆಶರ್ ಕಮ್ಮಿಯಾದರೆ ಪಿಕಪ್ ಹೋಗುತ್ತಾ?

ಪ್ರಶ್ನೆ: ನನ್ನ 1.5 ಲೀಟರ್ ಪೆಟ್ರೋಲ್ ಕಾರನ್ನು ಟ್ರ್ಯಾಕ್‌ಗೆ ರೆಡಿ ಮಾಡ್ತಿದ್ದೀನಿ. ಹೆಡರ್‌ಗೆ (ಇಂಜಿನ್ನಿನಿಂದ ಸುಟ್ಟ ಗ್ಯಾಸ್ ಹೊರತರುವ ಪೈಪುಗಳ ಗೊಂಚಲು) ದಪ್ಪ ಪೈಪ್ ಹಾಕಿದ್ರೆ ಬ್ಯಾಕ್ ಪ್ರೆಶರ್ ಹೋಗಿ ಪಿಕಪ್ ಬೀಳುತ್ತೆ ಅಂತಾರೆ ಮೆಕ್ಯಾನಿಕ್. ನಿಜಾನಾ?

ಉತ್ತರ: ಪಿಕಪ್ ಬೀಳುವುದು ನಿಜ, ಕಾರಣ ಅದಲ್ಲ. ಪವರ್ ಬೇಕು ಅನ್ನುವ ಇಂಜಿನ್‌ಗೆ ಬ್ಯಾಕ್ ಪ್ರೆಶರ್‌ನಿಂದ, ಅಂದರೆ ಹೊರಹೋಗುವ ಗ್ಯಾಸಿಗೆ ಪೈಪು ಒಡ್ಡುವ ಎದುರೊತ್ತಡದಿಂದ, ಯಾವ ಲಾಭವೂ ಇಲ್ಲ. ಸುಟ್ಟ ಗ್ಯಾಸನ್ನು ಹೊರಗೆ ತಳ್ಳಲು ಪಿಸ್ಟನ್ ಒದ್ದಾಡಿದಷ್ಟೂ ಚಕ್ರಕ್ಕೆ ಸಿಗುವ ಶಕ್ತಿ ಕಮ್ಮಿ, ಅಷ್ಟೇ.

ದಪ್ಪ ಪೈಪಿನಲ್ಲಿ ನೀವು ಕಳೆದುಕೊಳ್ಳುವುದು ಗ್ಯಾಸಿನ ವೇಗ. ಒಳಗಿನ ಅಳತೆ 38 ಮಿ.ಮೀ. ಇದ್ದದ್ದು 45 ಆದರೆ ಕಣ್ಣಿಗೆ ಏನೂ ಅನಿಸುವುದಿಲ್ಲ, ಆದರೆ ಗ್ಯಾಸ್ ಹಾಯುವ ಜಾಗ ಶೇ. 40ರಷ್ಟು ಜಾಸ್ತಿಯಾಗಿರುತ್ತದೆ, ವೇಗ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಜೋರಾಗಿ ಹೋಗುವ ಗ್ಯಾಸ್ ಸಿಲಿಂಡರಿನಲ್ಲಿ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಮೊದಲೇ ಗ್ಯಾಸ್ ಕಮ್ಮಿ, ಅದರ ಮೇಲೆ ದಪ್ಪ ಪೈಪ್ ಬೇರೆ. ಆ ಎಳೆತ ಸತ್ತೇ ಹೋಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಪೈಪಿನ ಉದ್ದ. ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡುತ್ತದೆ. ಪೈಪುಗಳು ಕೂಡುವ ಕಲೆಕ್ಟರ್‌ನಲ್ಲಿ ಜಾಗ ಒಮ್ಮೆಲೇ ಅಗಲವಾಗುವುದರಿಂದ ಅಲ್ಲಿಂದ ಅದು ಹೀರುವ ಅಲೆಯಾಗಿ ವಾಪಸ್ ಬರುತ್ತದೆ. ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿಲ್ಲ, ಇನ್‌ಟೇಕ್ ಆಗಲೇ ತೆರೆದಿದೆ ಅನ್ನುವ ಆ ಓವರ್‌ಲ್ಯಾಪ್ ಹೊತ್ತಿಗೆ ಸರಿಯಾಗಿ ಈ ಹೀರುವಿಕೆ ವಾಲ್ವ್ ಹತ್ತಿರ ಇದ್ದರೆ, ಪಿಸ್ಟನ್ ಕೆಳಗಿಳಿಯುವ ಮೊದಲೇ ಹೊಸ ಗಾಳಿ ಒಳಗೆ ಬರತೊಡಗುತ್ತದೆ.

ಲೆಕ್ಕ ನೋಡಿ. ಬಿಸಿ ಗ್ಯಾಸಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 550ರಿಂದ 600 ಮೀಟರ್. 80 ಸೆಂ.ಮೀ. ಪೈಪಿನಲ್ಲಿ ಹೋಗಿಬರಲು 2.8 ಮಿಲಿಸೆಕೆಂಡ್ ಆಸುಪಾಸು. ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 6000 ಆರ್‌ಪಿಎಂನಲ್ಲಾದರೆ 100 ಡಿಗ್ರಿ ತಿರುಗಿರುತ್ತದೆ, 3000ದಲ್ಲಾದರೆ 50 ಮಾತ್ರ. ಅಲೆಗೆ ಇಂಜಿನ್ ಎಷ್ಟು ಜೋರಾಗಿ ಓಡುತ್ತಿದೆ ಅನ್ನುವುದು ಗೊತ್ತಿಲ್ಲ. ಅದಕ್ಕೇ ಒಂದು ಉದ್ದ ಒಂದಷ್ಟು ಆರ್‌ಪಿಎಂಗೆ ಮಾತ್ರ ಸರಿಹೋಗುತ್ತದೆ, ಬೇರೆ ಕಡೆ ಅದೇ ಅಲೆ ಅಡ್ಡಗಾಲು ಹಾಕುವುದೂ ಉಂಟು. ಹೈ ಆರ್‌ಪಿಎಂ ಇಂಜಿನ್‌ಗೆ ಗಿಡ್ಡ ಪೈಪ್, ಮಿಡ್ ರೇಂಜ್ ಬೇಕಾದರೆ ಉದ್ದ ಪೈಪ್.

ಇನ್ನು 4-1 ಹಾಕಿಸಬೇಕಾ, 4-2-1 ಹಾಕಿಸಬೇಕಾ? 4-1 ಅಂದರೆ ನಾಲ್ಕೂ ಪೈಪು ಒಮ್ಮೆಲೇ ಒಂದಾಗುವುದು, 4-2-1 ಅಂದರೆ ಮೊದಲು ಎರಡೆರಡಾಗಿ ಕೂಡಿ ಆಮೇಲೆ ಒಂದಾಗುವುದು. ನಿಮ್ಮದು ನಾಲ್ಕು ಸಿಲಿಂಡರ್ ಇಂಜಿನ್ ಆದರೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, ಸಾಮಾನ್ಯವಾಗಿ 1-3-4-2 ಇರುತ್ತದೆ. ಎಕ್ಸಾಸ್ಟ್ ವಾಲ್ವ್ 180 ಡಿಗ್ರಿಗಿಂತ ಜಾಸ್ತಿ ಹೊತ್ತು ತೆರೆದಿರುವುದರಿಂದ, 1ರದ್ದು ಮುಚ್ಚುವ ಮೊದಲೇ 3ರದ್ದು ತೆರೆದು ಅದರ ಒತ್ತಡ 1ರೊಳಗೆ ನುಗ್ಗಲು ನೋಡುತ್ತದೆ. 4-2-1ರಲ್ಲಿ 1ಕ್ಕೆ 4, 2ಕ್ಕೆ 3 ಜೋಡಿ. ಜೋಡಿಯ ನಡುವೆ 360 ಡಿಗ್ರಿ ಅಂತರ, ಹಾಗಾಗಿ ಒಂದಕ್ಕೊಂದು ಕಾಟ ಕೊಡುವುದಿಲ್ಲ, ಮಿಡ್ ರೇಂಜ್ ತುಂಬಿಕೊಳ್ಳುತ್ತದೆ. 4-1 ಮೇಲಿನ ಆರ್‌ಪಿಎಂನಲ್ಲಿ ಗೆಲ್ಲುತ್ತದೆ. ಈ ಜೋಡಿ ಹಾಕುವ ಕೆಲಸ ಎಷ್ಟು ಮುಖ್ಯ ಅಂದರೆ, 1960ರ ದಶಕದ ಫೋರ್ಡ್ ಜಿಟಿ40 ರೇಸ್ ಕಾರಿನ ವಿ8ನಲ್ಲಿ (ಎರಡು ಬದಿಗೆ ನಾಲ್ಕು ನಾಲ್ಕು ಸಿಲಿಂಡರಿನ ಇಂಜಿನ್) ಎರಡೂ ಬದಿಯ ಪೈಪುಗಳನ್ನು ಹಾವುಗಳ ಹಾಗೆ ಹೆಣೆದು ಕೆಲವನ್ನು ಆಚೆಯ ಬದಿಗೆ ದಾಟಿಸಿದ್ದರು, ಪ್ರತಿ ಕಲೆಕ್ಟರಿಗೂ ಸಮ ಅಂತರದಲ್ಲಿ ಗ್ಯಾಸ್ ಬರಲಿ ಅಂತ. ನೋಡಲು ಅಷ್ಟು ಚಂದದ ಹೆಡರ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿ.ಮೀ.ನ ಚಿಕ್ಕ ಟ್ರ್ಯಾಕ್, ತಿರುವಿನಿಂದ ಹೊರಬರುವಾಗ ಮಿಡ್ ರೇಂಜೇ ಕೈಹಿಡಿಯುವುದು. ಅಂಥ ಕಡೆ ಓಡಿಸುವುದಾದರೆ ನಾನು 38 ಮಿ.ಮೀ. ಪೈಪಿನ 4-2-1ನ್ನೇ ಆರಿಸುತ್ತೇನೆ.

ಮಾಡಿಸುವಾಗ ಬೆಂಡ್‌ಗಳಲ್ಲಿ ಪೈಪ್ ಚಪ್ಪಟೆಯಾಗಿರಬಾರದು. ಹೆಡರನ್ನು ಇಂಜಿನ್ನಿಗೆ ಬೋಲ್ಟ್ ಮಾಡುವ ಪಟ್ಟಿ, ಅಂದರೆ ಫ್ಲೇಂಜ್, ತೆಳುವಾಗಿದ್ದರೆ ಬಿಸಿಗೆ ಸೊಟ್ಟಗಾಗಿ ಲೀಕ್ ಆಗುತ್ತದೆ. ಫಿಟ್ ಮಾಡುವ ಮೊದಲು ಪ್ರತಿ ಪೈಪಿನ ಬಾಯಿಗೂ ಬೆರಳು ಹಾಕಿ ಸವರಿ ನೋಡಿ. ವೆಲ್ಡಿಂಗ್ ಗಂಟು ಒಳಗೆ ಉಬ್ಬಿದ್ದರೆ ಗ್ರೈಂಡ್ ಮಾಡಿಸಿ, ಇಲ್ಲದಿದ್ದರೆ ಇಷ್ಟೆಲ್ಲ ಲೆಕ್ಕ ಹಾಕಿದ್ದು ಸುಮ್ನೆ ದಂಡ. ಹೆಡರ್ ಬಾಯಿ ಇಂಜಿನ್ ಹೆಡ್‌ನ ಪೋರ್ಟಿಗಿಂತ (ಗ್ಯಾಸ್ ಹೊರಬರುವ ತೂತು) ಕಿರಿದಾಗಿರಬಾರದು, ಒಂದೆರಡು ಮಿ.ಮೀ. ದೊಡ್ಡದಿದ್ದರೆ ತೊಂದರೆಯಿಲ್ಲ. ಕಾರು ರೋಡಿಗೂ ಇಳಿಯುವುದಾದರೆ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಬೇಡಿ. ಹೆಡರ್ ಕೂತ ಮೇಲೆ ಡೈನೊದಲ್ಲಿ (ಪವರ್ ಅಳೆಯುವ ಯಂತ್ರ) ಫ್ಯುಯೆಲ್ ಮ್ಯಾಪ್, ಅಂದರೆ ಎಷ್ಟು ಪೆಟ್ರೋಲ್ ಹಾಕಬೇಕೆನ್ನುವ ಸೆಟ್ಟಿಂಗ್, ಸರಿಮಾಡಿಸಲೇಬೇಕು, ಯಾಕೆಂದರೆ ಒಳಗೆ ಗಾಳಿ ಜಾಸ್ತಿ ಬಂದು ಪೆಟ್ರೋಲ್ ಹಳೆಯಷ್ಟೇ ಇದ್ದರೆ ಫುಲ್ ಥ್ರಾಟಲ್‌ನಲ್ಲಿ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ.